ಆಯಮ್ಮ ಹೇಳಿದ್ದು, ನಾನು ಬರೆದುಕೊಂಡದ್ದು

ಹೋದ ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದೆ. ಪಕ್ಕದ ಮನೆಯವರು ಈಚಲು ಚಾಪೆಯೊಂದನ್ನು ತೊಳೆದು ಮೋಟುಗೋಡೆಯ ಮೇಲೆ ಹರವಿದ್ದರು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಿಸಿಲು ಏರುತ್ತಿದ್ದ ಹಾಗೆ ಅದರಿಂದ ಒಂದು ವಾಸನೆ ಎದ್ದಿತು. ಒದ್ದೆ ಗರಿ, ಹಳೆಯ ಧೂಳು, ಸ್ವಲ್ಪ ಸೋಪಿನ ಪುಡಿ, ಎಲ್ಲ ಸೇರಿದ ವಾಸನೆ. ನಾನು ಬಕೆಟ್ಟನ್ನು ಕೆಳಗಿಟ್ಟು ಹಾಗೇ ನಿಂತುಬಿಟ್ಟೆ. ಜೆ.ಪಿ. ನಗರದ ಈ ಮಹಡಿ, ಎದುರಿನ ಕಪ್ಪು ನೀರಿನ ಟ್ಯಾಂಕುಗಳು, ಎಲ್ಲವೂ ಮೆಲ್ಲಗೆ ಎಲ್ಲೋ ಸರಿದುಹೋದವು. ಜಯನಗರದ ಒಂದು ಹೆಂಚಿನ ಛಾವಣಿಯ ಹಾಲ್, ಅದರ ಹಿಂದಿನ ದಾಸವಾಳದ ಬೇಲಿ, ಬೇಲಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಚಾಪೆಗಳು... ಅವುಗಳ ನಡುವೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ನಮ್ಮ ಆಯಮ್ಮ.

ಎಪ್ಪತ್ತರ ದಶಕದ ಮಧ್ಯದ ಮಾತು. ಆ ಹಾಲಿನಲ್ಲಿ ಮಹಿಳೆಯರ ಸಂಘವೊಂದು ಶಿಶುವಿಹಾರ ನಡೆಸುತ್ತಿತ್ತು. ನನಗೆ ಇಪ್ಪತ್ತೆರಡು ವರ್ಷ. ಬಿ.ಎ. ಮುಗಿಸಿ, ಹಟ ಹಿಡಿದು ಒಂದು ವರ್ಷದ ಶಿಶುಶಿಕ್ಷಣ ತರಬೇತಿ ಮಾಡಿಕೊಂಡು ಅಲ್ಲಿ ಟೀಚರಾಗಿ ಸೇರಿದ್ದೆ. ನಮ್ಮ ತಂದೆಗೆ ಅದು ಒಂದು ಉದ್ಯೋಗ ಅಂತಲೇ ಅನಿಸಿರಲಿಲ್ಲ. "ಬ್ಯಾಂಕ್ ಪರೀಕ್ಷೆ ಕಟ್ಟು. ಅದು ಬರೋವರ್ಗೂ ಮಕ್ಕಳನ್ನ ಆಡಿಸ್ಕೊಂಡಿರು" ಎಂದಿದ್ದರು. ಪುಟ್ಟ ಮಕ್ಕಳಿಗೆ ಕಲಿಸುವುದರಲ್ಲೇ ಒಬ್ಬಳು ಬೆಳೆಯಬಹುದು, ಒಂದು ಶಾಲೆಯನ್ನು ಮುನ್ನಡೆಸಬಹುದು ಎಂಬ ನನ್ನ ಆಸೆಯನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮೊದಲ ದಿನವೇ ಸೋತೆ. ಮೂರು ವರ್ಷದ ಹುಡುಗಿಯೊಬ್ಬಳು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಳುತ್ತಿದ್ದಳು. ತರಬೇತಿಯಲ್ಲಿ ಕಲಿತ ಹಾಡು ಹಾಡಿದೆ, ಬಟ್ಟೆಯ ಗೊಂಬೆ ಕುಣಿಸಿದೆ, ಎತ್ತಿಕೊಳ್ಳಲು ಹೋಗಿ ಒದೆಸಿಕೊಂಡೆ. ಆಗ ಆಯಮ್ಮ ಒಂದು ಮೊರ ತಂದು ಬಾಗಿಲಿನಿಂದ ಎರಡು ಮಾರು ದೂರದಲ್ಲಿ ಕೂತರು. ಮೊರದಲ್ಲಿ ಹುಣಸೆಬೀಜ, ಹೊಂಗೆಕಾಯಿ, ಸಣ್ಣ ಕಲ್ಲು, ಎಲ್ಲ ಕಲಸಿಹೋಗಿದ್ದವು. ಮಗುವಿನ ಕಡೆ ನೋಡಲೇ ಇಲ್ಲ. ಒಂದೊಂದನ್ನೇ ಆರಿಸಿ ಬೇರೆ ಬೇರೆ ಗುಡ್ಡೆ ಹಾಕತೊಡಗಿದರು, ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಕೆಲಸವೇ ಇಲ್ಲವೇನೋ ಎಂಬ ಹಾಗೆ. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಹತ್ತು ನಿಮಿಷದಲ್ಲಿ ಹುಡುಗಿ ಚೌಕಟ್ಟು ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹುಣಸೆಬೀಜವನ್ನು ಸರಿಯಾದ ಗುಡ್ಡೆಗೆ ಹಾಕಿದಳು.

"ಅಳೋ ಮಗೂನ ಸುಮ್ನಿರ್ಸಕ್ಕೆ ಹೋಗ್ಬೇಡಿ ಮಿಸ್" ಎಂದರು ಆಯಮ್ಮ, ತಲೆಯೆತ್ತದೆ. "ಪಕ್ದಲ್ಲಿ ಕೂತ್ಕೊಂಡು ಏನಾದ್ರೂ ಕೆಲ್ಸ ಮಾಡ್ತಿರಿ. ಅದೇ ಬರುತ್ತೆ."

ಅವರು ಜಯನಗರದ ಪಕ್ಕದ ಯಡಿಯೂರಿನ ಹಳೇ ಊರಿನವರು. ಕೆರೆಯ ಏರಿಯ ಮೇಲೆ ನಡೆದು, ಏಳೂವರೆಗೆಲ್ಲ ಶಾಲೆಯ ಬೀಗ ತೆಗೆಯುತ್ತಿದ್ದರು. ಗುಡಿಸುವುದು, ನೀರು ತುಂಬಿಸುವುದು, ಒದ್ದೆ ಮಾಡಿಕೊಂಡ ಮಕ್ಕಳ ಚಡ್ಡಿ ಬದಲಿಸುವುದು, ಶನಿವಾರ ಚಾಪೆ ತೊಳೆಯುವುದು ಅವರ ಕೆಲಸ. ಏಳನೇ ತರಗತಿ ಓದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನಾನು ಅವರನ್ನು 'ನೀನು' ಎನ್ನುತ್ತಿದ್ದೆ. ಎಲ್ಲರೂ ಹಾಗೇ ಅನ್ನುತ್ತಿದ್ದರು. ಅದು ತಪ್ಪು ಎಂದು ಆಗ ಹೊಳೆದಿರಲೇ ಇಲ್ಲ...

ಆ ವರ್ಷಗಳ ಮಧ್ಯಾಹ್ನಗಳು ನೆನಪಿನಲ್ಲಿ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಉಳಿದಿವೆ. ಊಟವಾಗಿ ಮಕ್ಕಳು ಚಾಪೆಗಳ ಮೇಲೆ ಮಲಗಿರುತ್ತಿದ್ದವು. ಹೆಂಚಿನ ನಡುವಿನ ಗಾಜಿನಿಂದ ಬಿದ್ದ ಬಿಸಿಲಿನ ಚೌಕ ನಿಧಾನವಾಗಿ ಒಂದು ಮಗುವಿನ ಪಾದದಿಂದ ಇನ್ನೊಂದರ ಕೆನ್ನೆಗೆ ಸರಿಯುತ್ತಿತ್ತು. ಹೊರಗೆ ರಸ್ತೆಯಲ್ಲಿ ಒಂದು ವಾಹನ ಹೋದರೆ ಅದರ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಯಮ್ಮ ಕಂಬಕ್ಕೊರಗಿ ಕೂತು, ಮೆಲುದನಿಯಲ್ಲಿ ಅವತ್ತು ಕಂಡದ್ದನ್ನೆಲ್ಲ ಹೇಳುತ್ತಿದ್ದರು.

"ಆ ಕಿಟ್ಕಿ ಹತ್ರ ಕೂರೋ ಮಗು ಎಡಗೈಲಿ ಬಣ್ಣ ಹಚ್ಚುತ್ತೆ ಮಿಸ್. ಯಾರಾದ್ರೂ ನೋಡಿದ್ರೆ ಬಲಗೈಗೆ ತಗೊಳುತ್ತೆ. ಮನೇಲಿ ಗದರ್ತಾರೇನೋ."

ಇನ್ನೊಂದು ದಿನ, ಮಾತೇ ಆಡದ ಮಗುವೊಂದು ಗಿಡಕ್ಕೆ ನೀರು ಹಾಕುವಾಗ ಗಿಡದ ಜೊತೆ ಮಾತಾಡುತ್ತದೆ ಎಂದರು. ಮತ್ತೊಂದು ದಿನ, ಹೊಸದಾಗಿ ತಂಗಿ ಹುಟ್ಟಿದ ಹುಡುಗ ಡಬ್ಬಿಯ ಊಟದಲ್ಲಿ ಅರ್ಧ ಉಳಿಸಿ ಮನೆಗೆ ಒಯ್ಯುತ್ತಾನೆ ಎಂದರು. ನಾನು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಪ್ರತಿ ಮಗುವಿಗೆ ಎರಡು ಪುಟ. ಅದನ್ನು ನೋಡಿಕೊಂಡು ಮರುದಿನದ ಪಾಠವನ್ನು ಬದಲಿಸುತ್ತಿದ್ದೆ. ನನ್ನ ತರಗತಿ ಅರಳತೊಡಗಿತು. 'ಆ ಮಿಸ್‌ಗೆ ಮಕ್ಕಳ ಮನಸ್ಸು ಗೊತ್ತಾಗುತ್ತೆ' ಎಂದು ತಾಯಂದಿರು ಮಾತಾಡಿಕೊಂಡರು.

ನಾನು ಸೇರಿ ನಾಲ್ಕು ವರ್ಷವಾದ ಮೇಲೆ ನಮ್ಮ ಮುಖ್ಯ ಶಿಕ್ಷಕಿ ಗಂಡನಿಗೆ ವರ್ಗವಾಯಿತೆಂದು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರು ಎಂದು ತೀರ್ಮಾನಿಸುವ ಮುಂಚೆ ಸಂಘದವರು ಶಿಶುಶಿಕ್ಷಣದಲ್ಲಿ ಪಳಗಿದ ಹಿರಿಯ ಮೇಡಂ ಒಬ್ಬರನ್ನು ಕರೆಸಿ ತರಗತಿಗಳನ್ನು ತೋರಿಸಿದರು. ಆ ಮೇಡಂ ನನ್ನ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡವರು ಅರ್ಧ ಗಂಟೆ ಕೆಳಗಿಡಲಿಲ್ಲ. ಕನ್ನಡಕ ತೆಗೆದು ಕೇಳಿದರು: "ಇದೆಲ್ಲ ನೀವೇ ಗಮನಿಸಿದ್ದಾ?"

ಆಯಮ್ಮ ಅಲ್ಲೇ ಇದ್ದರು, ಕಂಕುಳಲ್ಲಿ ಸುತ್ತಿದ ಚಾಪೆ ಹಿಡಿದು.

"ಹೌದು ಮೇಡಂ" ಎಂದೆ.

ಒಂದೇ ಮಾತು. ಆಯಮ್ಮ ಚಾಪೆ ಸಮೇತ ಹಿತ್ತಲಿಗೆ ಹೋದರು. ಮುಂದಿನ ತಿಂಗಳು ನಾನು ಮುಖ್ಯ ಶಿಕ್ಷಕಿಯಾದೆ. ಬ್ಯಾಂಕಿನ ಕನಸು ಬಿಟ್ಟು, ನಮ್ಮ ತಂದೆ ನೆಂಟರಿಗೆಲ್ಲ ಸಿಹಿ ಹಂಚಿದರು.

ಸಂತೋಷದ ಒಳಗೆ ಎಲ್ಲೋ ಒಂದು ಮುಳ್ಳು ಮುರಿದು ಉಳಿದಿತ್ತು. ಅದನ್ನು ತೆಗೆಯುವ ದಾರಿ ಎಂದುಕೊಂಡೇ ಒಂದು ದಿನ ಕೇಳಿದೆ, "ಆಯಮ್ಮ, ಎಸ್ಸೆಸ್ಸೆಲ್ಸಿ ಕಟ್ತೀಯಾ? ಪಾಸಾದ್ರೆ ಟೀಚರ್ ಟ್ರೈನಿಂಗ್‌ಗೆ ಸೇರಬಹುದು." ಅವರು ನಕ್ಕರು. ಮರುದಿನ ಸೆರಗಿನ ಮರೆಯಲ್ಲಿ ಹೊಸ ಪೆನ್ಸಿಲು, ಬೈಂಡ್ ಹಾಕಿದ ನೋಟ್‌ಬುಕ್ಕು ಇಟ್ಟುಕೊಂಡು ಬಂದಿದ್ದರು.

ಆಮೇಲಿನ ಮಧ್ಯಾಹ್ನಗಳಲ್ಲಿ, ಮಲಗಿದ ಮಕ್ಕಳ ನಡುವೆ, ನಾವಿಬ್ಬರೂ ಪಿಸುಮಾತಿನಲ್ಲಿ ಇಂಗ್ಲಿಷ್ ಓದಿದೆವು, ಲೆಕ್ಕ ಮಾಡಿದೆವು. ಮೊದಲ ಸಲ ಇಂಗ್ಲಿಷಿನಲ್ಲಿ ಫೇಲಾದರು. ಎರಡು ದಿನ ಮುಖ ಸಪ್ಪಗಿತ್ತು, ಮೂರನೇ ದಿನ ಪುಸ್ತಕ ತಂದರು. ಎರಡನೇ ಸಲ ಪಾಸಾದಾಗ ನನ್ನನ್ನು ಯಡಿಯೂರಿನ ಮನೆಗೆ ಕರೆದುಕೊಂಡು ಹೋದರು. ಒಂದೇ ಕೋಣೆ, ಒಪ್ಪವಾಗಿ ಸಾರಿಸಿದ ನೆಲ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ಬಿಳಿ ಹೂವು. ಅವರ ತಂದೆ ಬೌದ್ಧರಾಗಿದ್ದವರಂತೆ. "ನಮ್ಮಪ್ಪ ಇದ್ದಿದ್ರೆ ಇವತ್ತು ಊರೆಲ್ಲ ಓಡಾಡ್ಬಿಡೋರು" ಎಂದು ಲೋಟದಲ್ಲಿ ಪಾಯಸ ಕೊಟ್ಟರು. ಆ ದಿನದಿಂದ ನಾನು ಅವರನ್ನು 'ನೀವು' ಎನ್ನತೊಡಗಿದೆ.

ಸಂಜೆಯ ತರಬೇತಿ ಒಂದು ವರ್ಷ. ಅದೂ ಮುಗಿಯಿತು. ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದು, ಮೊದಲ ಸಲ ನನ್ನನ್ನು ಏನನ್ನೋ ಕೇಳಿದರು: "ಎಳೇ ಮಕ್ಳ ಕ್ಲಾಸು ನಾನು ತಗೊಳ್ಲಾ ಮಿಸ್?"

ಜೂನ್ ತಿಂಗಳು. ಅವರಿಗೆ ಆ ತರಗತಿ ಕೊಟ್ಟೆ. ಇಸ್ತ್ರಿ ಮಾಡಿದ ತಿಳಿ ನೀಲಿ ಸೀರೆ ಉಟ್ಟು ಬಂದಿದ್ದರು. ಮಕ್ಕಳು ಮಾತ್ರ ಆಯಮ್ಮ ಅಂತಲೇ ಕರೆದವು. ಮೂರು ವಾರ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಆ ಸದ್ದು, ಆ ಶಾಂತಿ, ಎರಡೂ ಒಟ್ಟಿಗೆ ಇರುವ ತರಗತಿಯನ್ನು ಆಮೇಲೆ ನಾನು ನೋಡಿದ್ದು ಕಡಿಮೆ.

ನಾಲ್ಕನೇ ವಾರ ಐದಾರು ಮಂದಿ ತಂದೆತಾಯಿಯರು ನನ್ನ ಕೋಣೆಗೆ ಬಂದರು. ಯಾರೂ ದನಿ ಏರಿಸಲಿಲ್ಲ. ಬಹಳ ಮರ್ಯಾದೆಯಿಂದ ಮಾತಾಡಿದರು. ಒಬ್ಬಾಕೆ ಹೇಳಿದರು, "ಅವ್ರು ಒಳ್ಳೆಯವ್ರೇ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ನಿನ್ನೆವರ್ಗೂ ಕಸ ಗುಡಿಸ್ತಿದ್ದೋರು... ಮತ್ತೆ ಊಟ ಬೇರೆ ಅವರ ಕೈಲೇ ಮಾಡಿಸೋದಲ್ವಾ..." ಮಾತು ಅಲ್ಲಿಗೇ ನಿಂತಿತು. ಜಾತಿಯ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು. ಸಂಘದ ಅಧ್ಯಕ್ಷೆ ನನಗೇ ಬಿಟ್ಟರು. "ಶಾಲೆ ನಡೆಸೋರು ನೀವು. ನೀವು ಹೇಗೆ ಹೇಳಿದ್ರೆ ಹಾಗೆ" ಎಂದರು.

ನನ್ನ ಒಂದು ಮಾತಿನಿಂದ ಎಲ್ಲ ಆಗುತ್ತಿತ್ತು. ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಹೋಗಲಿ ಎನ್ನಬಹುದಿತ್ತು. ನಾನು ಬುದ್ಧಿವಂತಿಕೆ ಮಾಡಿದೆ. ಆ ಸಂಜೆ ಅವರನ್ನು ಕೂರಿಸಿಕೊಂಡು, ಬಹಳ ಮೃದುವಾಗಿ ಹೇಳಿದೆ, "ಒಂದು ವರ್ಷ ತಾಳಿ. ಹೆಸರಿಗೆ ಬೇರೆ ಟೀಚರ್ ಇರ್ಲಿ. ಕ್ಲಾಸು ನೀವೇ ನಡೆಸಿ. ಜನಕ್ಕೆ ಅಭ್ಯಾಸ ಆಗ್ಲಿ."

ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನನ್ನೋ ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ ಕೇಳಿದರು:

"ಆ ನೋಟ್‌ಬುಕ್ ಆಯ್ತಲ್ಲ, ಹಂಗಾ ಮಿಸ್?"

ಅವರು ಎದ್ದು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿ ಹೋದರು. ತಿಂಗಳ ಕೊನೆಯವರೆಗೂ ಬಂದರು, ಮಕ್ಕಳಿಗೆ ಒಂದೊಂದಾಗಿ ಹೊಸ ಟೀಚರನ್ನು ಅಭ್ಯಾಸ ಮಾಡಿಸಿದರು. ಆಮೇಲೆ ಬರಲಿಲ್ಲ.

ಯಡಿಯೂರಿನಲ್ಲಿ ಯಾರದೋ ಜಗಲಿಯ ಮೇಲೆ ಮಕ್ಕಳನ್ನು ಸೇರಿಸಿಕೊಂಡಿದ್ದಾರೆ ಎಂದು ಸುದ್ದಿ ಬಂತು. ಜಯನಗರದ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರ ಮಕ್ಕಳು. ಎಂಬತ್ತರ ದಶಕ ಶುರುವಾಗಿತ್ತು. ಜಯನಗರದ ಆಚೆ, ಹುಳಿಮಾವಿನ ದಾರಿಯಲ್ಲಿ ಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ಮನೆ ಕಟ್ಟುವ ಕೂಲಿಯವರ ಮಕ್ಕಳು ಮರಳಿನ ರಾಶಿಯ ಮೇಲೆ ಬೆಳೆಯುತ್ತಿದ್ದವು. ಆಯಮ್ಮ ಅಲ್ಲಿಗೂ ಹೋದರು. ಒಂದು ಜಗಲಿ ಮೂರು ಬಾಲವಾಡಿಗಳಾಯಿತು, ಮೂರು ಎಂಟಾದವು. ಊರಿನ ಹುಡುಗಿಯರನ್ನು ಆರಿಸಿ ತಾವೇ ತರಬೇತಿ ಕೊಟ್ಟು, ಅಷ್ಟನ್ನೂ ಅವರು ನಡೆಸುತ್ತಿದ್ದರು. ನಾನು ಒಂದೇ ಶಾಲೆಯಲ್ಲಿ ಒಂದೇ ಕುರ್ಚಿಯಲ್ಲಿ ಕೂತಿದ್ದೆ.

ಕ್ಷಮೆ ಕೇಳಬೇಕೆಂದು ಒಮ್ಮೆ ಹೋಗಿದ್ದೂ ಉಂಟು. ಹುಳಿಮಾವಿನ ಕೆರೆಯ ಹತ್ತಿರದ ಶೀಟಿನ ಮನೆಯೊಂದರಲ್ಲಿ ಅವರು ಹತ್ತು ಹನ್ನೆರಡು ಹುಡುಗಿಯರಿಗೆ ಏನೋ ಹೇಳಿಕೊಡುತ್ತಿದ್ದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡರು, ಚಾ ತರಿಸಿದರು, ಯಾವ ಮಗು ಈಗ ಎಷ್ಟನೇ ಕ್ಲಾಸು ಎಂದು ಹೆಸರು ಹೆಸರಾಗಿ ಕೇಳಿದರು. ಹುಡುಗಿಯರೆಲ್ಲ ನೋಡುತ್ತಿದ್ದರು. ಇನ್ನೊಂದು ಸಲ ಒಬ್ಬರೇ ಇದ್ದಾಗ ಹೇಳೋಣ ಎಂದುಕೊಂಡು ಬಸ್ಸು ಹತ್ತಿದೆ.

ಆ ಇನ್ನೊಂದು ಸಲ ಬರಲೇ ಇಲ್ಲ. ಮದುವೆ, ಮಕ್ಕಳು, ಶಾಲೆ, ವರ್ಷಗಳು ಕೆರೆಯ ನೀರಿನ ಹಾಗೆ ಸದ್ದಿಲ್ಲದೆ ಇಳಿದುಹೋದವು. ನನ್ನ ಶಾಲೆಯಲ್ಲಿ ಆಮೇಲೆ ಇಬ್ಬರು ಆಯಾಗಳು ಓದಿ ಟೀಚರಾದರು. ಅವರ ವಿಷಯಕ್ಕೆ ಮಾತೆತ್ತಿದ ತಂದೆತಾಯಿಯರಿಗೆ ನಾನು ಗೇಟು ತೋರಿಸಿದೆ. ಅದರಿಂದ ಹಳೆಯದು ಸರಿಹೋಗಲಿಲ್ಲ.

ಮೊನ್ನೆ ಗುರುವಾರ ಆಟೋ ಹಿಡಿದು ಯಡಿಯೂರಿಗೆ ಹೋದೆ. ಆ ಒಂದು ಕೋಣೆಯ ಮನೆ ಇದ್ದ ಜಾಗವೇ ಗುರುತು ಸಿಗಲಿಲ್ಲ. ಒಂದು ಅಂಗಡಿಯವರು, "ಬಾಲವಾಡಿ ಟೀಚರಮ್ಮನಾ? ಹುಳಿಮಾವಲ್ಲಿ ಅವರ ಶಿಷ್ಯೆ ಒಬ್ರು ಅಂಗನವಾಡಿ ನಡೆಸ್ತಾರೆ, ಅಲ್ಲಿ ಕೇಳಿ" ಎಂದರು. ಅಲ್ಲಿಗೂ ಹೋದೆ. ಸುಮಾರು ಅರವತ್ತರ ಆ ಹೆಂಗಸು ಮಕ್ಕಳನ್ನು ಮನೆಗೆ ಕಳಿಸಿ ಬೀಗ ಹಾಕುತ್ತಿದ್ದರು. ಟೀಚರ್ ತೀರಿಕೊಂಡು ಆರು ವರ್ಷವಾಯಿತು ಎಂದರು. ನನಗೆ ತಿಳಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಂತೆ ನಾನೂ ಸಂಪರ್ಕ ಇಟ್ಟುಕೊಂಡಿರಲಿಲ್ಲ.

ನಾನು ಯಾರು ಎಂದು ಹೇಳಿದಾಗ ಆಕೆಯ ಮುಖ ಬೆಳಗಿತು. "ಆ ಮಿಸ್ ನೀವೇನಾ? ಪ್ರತಿ ಬ್ಯಾಚಿಗೂ ನಿಮ್ಮ ಕಥೆ ಹೇಳೋರು. ಮಧ್ಯಾಹ್ನ ರೆಸ್ಟ್ ತಗೊಳ್ದೆ ನಂಗೆ ಇಂಗ್ಲಿಷ್ ಹೇಳ್ಕೊಟ್ರು, ಅವರಿಲ್ದಿದ್ರೆ ನಾನಿಲ್ಲ ಅಂತ."

"ಇನ್ನೇನು ಹೇಳ್ತಿದ್ರು?"

"ಅಷ್ಟೇ ಮೇಡಂ. ಯಾಕೆ?"

ಮೂವತ್ತೈದು ವರ್ಷ ಅವರು ನನ್ನ ಬಗ್ಗೆ ಹೇಳಿದ್ದು ಅಷ್ಟೇ. ನಾನು ಅಂಗನವಾಡಿಯ ಮೆಟ್ಟಿಲ ಮೇಲೆ ಕೂತೆ.

"ಬೀಗ ಆಮೇಲೆ ಹಾಕಿ" ಎಂದೆ. "ನಿಮ್ಮ ಟೀಚರು ಹೇಳ್ದೆ ಬಿಟ್ಟಿದ್ದು ಸ್ವಲ್ಪ ಇದೆ. ಅದನ್ನ ನಾನು ಹೇಳ್ತೀನಿ."