ಗೋಡೆಗೆ ಹೊಡೆದ ಮರದ ಕುದುರೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಎಂದೋ ರಾಗಿ ಕೊಯ್ಯುವಾಗ ಕುಡುಗೋಲು ತಗುಲಿದ್ದಂತೆ. ಆ ಸೀಳಿನಲ್ಲಿ ವರ್ಷವಿಡೀ ಅರಿಶಿನ ಕೂತಿರುತ್ತಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಎಲ್ಲವನ್ನೂ ಆ ಬೆರಳಿನಿಂದಲೇ ಸವರಿ ನೋಡುತ್ತಿದ್ದರು: ಬೆಲ್ಲದ ಅಚ್ಚು, ಸೀರೆಯ ಅಂಚು, ಸುಣ್ಣ ಬಳಿದ ಗೋಡೆ. ಹೆಣ್ಣು ನೋಡಲು ಬಂದ ದಿನ ಅಕ್ಕನ ಅಂಗೈಯನ್ನೂ ಹಾಗೇ ಸವರಿದ್ದರೆಂದು ನನ್ನ ನೆನಪು. ಅಂಥದ್ದೇನೂ ಆಗಲಿಲ್ಲ ಎನ್ನುತ್ತಾಳೆ ಅಕ್ಕ.

ಅವರು ನನ್ನ ಅಕ್ಕನ ಅತ್ತೆ, ಗುಂಡ್ಲುಪೇಟೆಯವರು. ನಾನು ಚಾಮರಾಜನಗರದಲ್ಲಿ ಕಾಲೇಜು ಮೇಷ್ಟ್ರು. ಒಬ್ಬರೇ ಹೇಳಿದ್ದನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುವವನು. ಈ ಬರಹದ ಮುಖ್ಯ ಮಾತಿಗೆ ನಾನೊಬ್ಬನೇ ಸಾಕ್ಷಿ, ಅದೇ ತೊಂದರೆ.

ಹಳತನ್ನು ಎಸೆಯುವುದು ಅವರಿಂದ ಆಗುತ್ತಿರಲಿಲ್ಲ. ಹರಿದ ಗೋಣಿ ಕಾಲೊರಸು ಆಗುತ್ತಿತ್ತು, ಸೀರೆ ಕೌದಿಯಾಗುತ್ತಿತ್ತು, ಒಡೆದ ಕೊಡದ ತಳ ಕೋಳಿಗೆ ನೀರಿಡಲು ಹೋಗುತ್ತಿತ್ತು. ಜಿಪುಣತನವೆಂದು ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ, "ಸುಮ್ಕೆ ಬಿದ್ದಿರೋ ಸಾಮಾನು ನಮ್ಮನ್ನೇ ನೋಡ್ತಾ ಇರ್ತದೆ ಕಣಪ್ಪ. ನಂಗೆ ಅದಾಗಕಿಲ್ಲ" ಎಂದಿದ್ದರು.

ಅಕ್ಕನ ಮೊದಲ ಮಗ ನಾಲ್ಕು ತುಂಬುವ ಮೊದಲೇ ಜ್ವರದಲ್ಲಿ ಹೋದ. ಅವನ ಕೋಣೆ ಇದ್ದ ಹಾಗೇ ಉಳಿಯಿತು. ಅಕ್ಕ ಸಂಜೆಯಾದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನ ಮರದ ಕುದುರೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕತ್ತನ್ನು ಸವರುತ್ತಿದ್ದಳು. ಹಲ್ಲು ಬರುವ ಕಾಲದಲ್ಲಿ ಅವನು ಕಚ್ಚಿದ ಗುರುತು ಅಲ್ಲಿತ್ತು. ಅತ್ತೆ ಬಾಗಿಲ ಹೊರಗೆ ಅವರೆಕಾಯಿಯೋ ಮತ್ತೊಂದೋ ಸುಲಿಯುತ್ತಾ ಕೂತಿರುತ್ತಿದ್ದರು. ಚಿಲಕ ತೆಗೆದ ಸದ್ದು ಬರುವವರೆಗೂ ಅಲ್ಲಿಂದ ಏಳುತ್ತಿರಲಿಲ್ಲ.

ಎರಡನೇ ಬಾರಿ ಬಸುರಿಯಾದ ಅಕ್ಕ ಹೆರಿಗೆಗೆ ನಮ್ಮ ಮನೆಗೆ ಬರುವಾಗ ಆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ತಂದಳು. ಕೂಸು ಪಡಸಾಲೆಯಲ್ಲೇ ಮಲಗುತ್ತದೆ, ಕೋಣೆಗೆ ಯಾರಾದರೂ ಕಾಲಿಟ್ಟರೆ ತಾನು ಮತ್ತೆ ಗುಂಡ್ಲುಪೇಟೆಗೆ ಬರುವುದಿಲ್ಲ ಎಂದು ಭಾವನಿಗೂ ಅತ್ತೆಗೂ ಹೇಳಿಯೇ ಹೊರಟಿದ್ದಳು. ಹೋದ ಮಗುವಿನ ಆಟದ ಸಾಮಾನು ಹುಟ್ಟುವ ಕೂಸಿಗೆ ಸೋಕಬಾರದು, ಗಂಟು ಕಟ್ಟಿ ಹೊಳೆಗೆ ಬಿಡಬೇಕು ಎಂಬುದು ನಮ್ಮಮ್ಮನ ಹಟ. ಭಾವ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಸ್ವಲ್ಪ ದಿನದಲ್ಲೇ ಅತ್ತೆ ನನಗೆ ಫೋನ್ ಮಾಡಿ, ಬರುವಾಗ ಮರ ಉಜ್ಜುವ ಉಪ್ಪುಕಾಗದ, ಸ್ಕ್ರೂ, ನಾಲ್ಕು ಬಣ್ಣದ ಡಬ್ಬಿ ತರಬೇಕೆಂದರು. ಏಕೆಂದು ಹೇಳಲಿಲ್ಲ. ಹೋಗಿ ನೋಡಿದರೆ ಕೋಣೆಯ ಬಾಗಿಲು ತೆರೆದಿತ್ತು. ಬೀಗ ಮಾತ್ರ ಹಾಕಿದ ಹಾಗೇ ಚಿಲಕದಲ್ಲಿ ನೇತಾಡುತ್ತಿತ್ತು.

"ನಿಮ್ಮಕ್ಕ ಬೀಗ ಮುಟ್ಬ್ಯಾಡಿ ಅಂದವ್ಳೆ. ನಾ ಮುಟ್ಟಿಲ್ಲ. ಚಿಲಕದ ಸ್ಕ್ರೂ ಬಿಚ್ದೆ, ಅಷ್ಟೇಯ."

ಅಕ್ಕನಿಗೆ ಗೊತ್ತಾದರೆ ಬರುವುದೇ ಇಲ್ಲ ಎಂದೆ. "ಬರ್ದೇ ಹೋದ್ರೆ ನಾನೇ ಬಂದು ನಿಮ್ಮ ಜಗಲಿ ಮ್ಯಾಲೆ ಕೂತ್ಕತೀನಿ ಬುಡಿ ಮೇಷ್ಟ್ರೇ" ಎಂದು ಉಪ್ಪುಕಾಗದವನ್ನು ಹೆಬ್ಬೆರಳಿನಿಂದ ಸವರಿ, ಇನ್ನೂ ನಯವಾದದ್ದು ಸಿಗಲಿಲ್ಲವೇ ಎಂದು ಕೇಳಿದರು.

ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ತೋರಿಸಿದ್ದ, ಹಳೆ ಸಾಮಾನಿಗೆ ಹೊಸ ರೂಪ ಕೊಡುವ ಯಾವುದೋ ವಿಡಿಯೋದಿಂದ ಶುರುವಾದ ಕೆಲಸ ಅದು. ಗಾಲಿ ಮುರಿದ ಟಿಪ್ಪರ್ ಲಾರಿಗೆ ಮಣ್ಣು ತುಂಬಿ ಬಳ್ಳಿ ನೆಟ್ಟು ಕಿಟಕಿಯಲ್ಲಿಟ್ಟಿದ್ದರು. ಬುಗುರಿಗಳು ಕಪಾಟಿನ ಹಿಡಿಗಳಾಗಿದ್ದವು. ಸಣ್ಣ ಕಾರುಗಳ ಗಾಲಿಗಳು ಹಲಗೆಯೊಂದಕ್ಕೆ ಸಾಲಾಗಿ ಕೂತು ಬಟ್ಟೆ ನೇತುಹಾಕುವ ಗೂಟಗಳಾಗಿದ್ದವು. ತೂತು ಬಿದ್ದ ಡೋಲು ದೀಪದ ಬುರುಡೆಗೆ ಮುಸುಕಾಗಿತ್ತು. ಹುಲಿಯ ಗೊಂಬೆಯ ಹತ್ತಿ ತೆಗೆದು ಚರ್ಮವನ್ನು ದಿಂಬಿಗೆ ಹೊಲಿದಿದ್ದರು. ಕುದುರೆ ಇನ್ನೂ ನೆಲದ ಮೇಲಿತ್ತು. ಅದರ ಕತ್ತಿನ ಗುರುತು ಅಂದು ಇತ್ತೇ? ನೋಡಿದ ನೆನಪು ನನಗಿಲ್ಲ.

ಐದನೇ ತಿಂಗಳಲ್ಲಿ ಅಕ್ಕನನ್ನೂ ಕೂಸನ್ನೂ ಕರೆದುಕೊಂಡು ಹೋದೆ. ಕೋಣೆಯ ವಿಷಯ ಅವಳಿಗೆ ಹೇಳಿರಲಿಲ್ಲ. ಹೊಸಲಿನಲ್ಲಿ ಅತ್ತೆ ಆರತಿ ಎತ್ತಿದರು, ತಟ್ಟೆ ಒಂದಿಷ್ಟೂ ಅಲುಗಲಿಲ್ಲ. ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡೇ ನೇರ ಕೋಣೆಯ ಬಳಿಗೆ ಹೋದಳು. ಅತ್ತೆ ಚಿಲಕವನ್ನು ಮತ್ತೆ ಸ್ಕ್ರೂ ಹಾಕಿ ಕೂರಿಸಿದ್ದರು, ಬೀಗ ಇದ್ದಲ್ಲೇ ಇತ್ತು. ಕೀಲಿ ತಿರುಗಿಸಿ ಬಾಗಿಲು ನೂಕಿದಳು.

ನಾನು ಕಾರಿನ ಕೀಯನ್ನು ಜೇಬಿಗೆ ಹಾಕಲಿಲ್ಲ. ಅವಳು ಒಂದು ಮಾತು ಹೇಳಿದ್ದರೆ ಹಾಗೇ ವಾಪಸು ಹೊರಡಬೇಕಿತ್ತು. ಅವಳು ಲಾರಿ ನೋಡಿದಳು, ದಿಂಬು ನೋಡಿದಳು. ಗೋಡೆಯಲ್ಲಿ, ಎದೆಯಷ್ಟು ಎತ್ತರದಲ್ಲಿ, ನೀಲಿ ಬಣ್ಣ ಬಳಿದ ಕುದುರೆಯನ್ನು ಹಲಗೆಗೆ ಸೇರಿಸಿ ಹೊಡೆದಿದ್ದರು. ಅದರ ಕತ್ತಿನ ಮೇಲೆ ಬೆರಳಿಟ್ಟಳು. ಬೆರಳು ಹಿಂದಕ್ಕೂ ಮುಂದಕ್ಕೂ ಹೋಯಿತು.

"ಇಲ್ಲಿ ಅವನ ಹಲ್ಲಿನ ಗುರುತಿತ್ತು. ಕಣ್ಣು ಕಾಣದೆ ಉಜ್ಜಿಬಿಟ್ರಾ ಅತ್ತೆ?"

ಹೌದು ಎಂದರೆ ಮುಗಿಯುತ್ತಿತ್ತು. ಅಕ್ಕನೇ ದಾರಿ ಬಿಟ್ಟುಕೊಟ್ಟಿದ್ದಳು. ಹೌದೆನ್ನಲಿ ಎಂದು ನಾನು ಅತ್ತೆಯ ಮುಖ ನೋಡಿದೆ.

"ಕಣ್ಗೆ ಕಾಣ್ನಿಲ್ಲ, ಬೆರಳ್ಗೆ ಸಿಕ್ತು. ಗೊತ್ತಿದ್ದೇ ಉಜ್ದೆ ಕಣಮ್ಮಿ. ನೀ ಅದ್ನೇ ಸವರ್ತಾ ಕೂತ್ರೆ ಈ ಕೂಸ್ನ ಎತ್ಕಳೋರ್ಯಾರು?"

"ನನಗೆ ಅದೊಂದೇ ಉಳಿದಿತ್ತು."

"ನಂಗೂ ಅದೊಂದೇಯ."

ಅತ್ತೆ ಕೈ ಚಾಚಲಿಲ್ಲ, ಅಳಲೂ ಇಲ್ಲ. ಕೂಸು ಎಚ್ಚರವಾಗಿ ಕೊಸರಾಡಿತು. ಅಕ್ಕ ಅದನ್ನು ಅತ್ತೆಯ ತೋಳಿಗೆ ಹಾಕಿ, ಕುದುರೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅದು ಜಗ್ಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲೇ ಹೇಳಿದಳು: "ಇಷ್ಟು ಮೇಲೆ ಹೊಡೆದ್ರೆ ಇವಳಿಗೆ ಎಟುಕ್ತದಾ? ಕಿತ್ತು ಕೆಳಗೆ ಹೊಡಿ."

ಸುತ್ತಿಗೆ ಹುಡುಕಿ ತಂದು ಕುದುರೆಯನ್ನು ಕಿತ್ತು ಕೆಳಗೆ ಹೊಡೆದೆ. ಕೂಸು ಅಂದು ಆ ಕೋಣೆಯಲ್ಲೇ ಮಲಗಿತು.

ಅತ್ತೆ ಹೋದ ವರ್ಷ ತೀರಿಕೊಂಡರು. ಅವರ ಹೊಲದಲ್ಲೇ ಕೂರಿಸಿ ಮಣ್ಣು ಮಾಡಿದೆವು. ತೊಡೆಯ ಮೇಲಿದ್ದ ಬಲಗೈಯ ಉಗುರಿನ ಸೀಳಿನಲ್ಲಿ ಅರಿಶಿನದ ಬದಲು ವಿಭೂತಿ ಮೆತ್ತಿಕೊಂಡಿತ್ತು.

ಈಗ ಅಕ್ಕ ಬೇರೆಯೇ ಹೇಳುತ್ತಾಳೆ. ಅತ್ತೆ ಬೇಕೆಂದು ಉಜ್ಜಿದ್ದಲ್ಲವಂತೆ, ತಿಳಿಯದೆ ಆಗಿಹೋಯಿತು ಎಂದರಂತೆ. ಅದೂ ಪೂರ್ತಿ ಉಜ್ಜಿಲ್ಲವಂತೆ, ಕಿವಿಯ ಕೆಳಗೆ ಬಣ್ಣದಡಿ ಒಂದು ಗುರುತು ಉಳಿದಿದೆಯಂತೆ. ನಾನು ಕೇಳಿಸಿಕೊಂಡ ಮಾತು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ಆದರೆ ಹೀಗೆ ಕಿವಿಯಲ್ಲಿ ಹಾಗೇ ಇರುವ ಎಷ್ಟೋ ಮಾತುಗಳು ಸುಳ್ಳಾದದ್ದನ್ನೂ ನಾನು ಬಲ್ಲೆ.

ಮೊನ್ನೆ ಹೋದಾಗ ನೆಲದ ಮೇಲೆ ಕೂತು ಕುದುರೆಯ ಕತ್ತನ್ನು ಸವರಿದೆ. ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ತಗ್ಗುಗಳು ಸಿಕ್ಕವು, ಒಂದು ಕಿವಿಯ ಕೆಳಗೂ ಇತ್ತು. ಯಾವುದು ಯಾರದ್ದೆಂದು ನನ್ನ ಹೆಬ್ಬೆರಳಿಗೆ ತಿಳಿಯಲಿಲ್ಲ. ಅಕ್ಕನ ಮಗಳು ಹುಲಿಯ ದಿಂಬನ್ನು ಎಳೆದುಕೊಂಡು ಬಂದು ನನ್ನ ಕೈ ಸರಿಸಿದಳು.

"ಎಲ್ಲಾ ನಾನೇ ಕಚ್ಚಿದ್ದು ಮಾಮ. ಅದೂ ನಂದೇ."

ಅಕ್ಕ ಬಾಗಿಲಲ್ಲೇ ಬಟ್ಟೆ ಮಡಿಸುತ್ತಾ ನಿಂತಿದ್ದಳು. ನಾನು ಏನು ಹೇಳಿದರೂ ಹಾಗಲ್ಲ ಹೀಗೆ ಎಂದು ತಿದ್ದುವವಳು. ಮಗಳ ಮಾತು ಕೇಳಿಸಿಕೊಂಡಳು. ಮಡಿಸಿದ ಬಟ್ಟೆಯನ್ನು ಬುಗುರಿಯ ಹಿಡಿ ಎಳೆದು ಕಪಾಟಿನಲ್ಲಿಟ್ಟಳು. ತಿದ್ದಲಿಲ್ಲ.