ಅನಾರಸದ ತಟ್ಟೆಯಲ್ಲಿ ಬೂಟು

ನಮ್ಮ ಅತ್ತೆ ಗೋದಾಬಾಯಿಯವರಿಗೆ ‘ಸಾಕು’ ಎಂಬ ಮಾತು ಕೇಳಿಸುತ್ತಲೇ ಇರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಬಿಡುತ್ತಿದ್ದರು. ಹೈದರಾಬಾದಿನ ನಾರಾಯಣಗೂಡದಲ್ಲಿ ಅವರ ಮನೆ. ಆಗ ಮೆಟ್ರೋ ಇರಲಿಲ್ಲ. ರವಿವಾರ ಬಂತೆಂದರೆ ದಿಲ್‌ಸುಖ್‌ನಗರದಿಂದ ಬಸ್ಸು ಹಿಡಿದು ನಾನೂ ಹೆಂಡತಿ ವಸುಧಾಳೂ ಅಲ್ಲಿಗೆ ಊಟಕ್ಕೆ ಹೋಗಲೇಬೇಕು. ಬೆಲ್ಲ, ತುಪ್ಪಕ್ಕೆ ಅತ್ತೆ ತಾವೇ ಬೇಗಂ ಬಜಾರಿಗೆ ಹೋಗಿ ಅಂಗಡಿಯವರೊಡನೆ ಹಿಂದಿಯಲ್ಲಿ ಜಗಳಾಡಿ ತರುತ್ತಿದ್ದರು. “ಅಳಿಯ ಸೊರಗಿದ್ರ ಹೆಸರು ಕೆಡೋದು ಅತ್ತೀದು” ಎಂಬುದು ಅವರ ಸಿದ್ಧಾಂತ. ಆ ಹೆಸರನ್ನು ನಾನು ಚೆನ್ನಾಗಿಯೇ ಕಾಪಾಡಿದೆ. ಮದುವೆಯ ಅಂಗಿಗಳೆಲ್ಲ ಬೇಗನೆ ನನ್ನ ತಮ್ಮನ ಪಾಲಾದವು.

ಐದು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಮಾತೆಲ್ಲ ವಸುಧಾಳ ತಲೆಗೇ ಬಂತು. ಸೀಮಂತದ ಮನೆಗಳಲ್ಲಿ ಅವಳನ್ನು ಆರತಿಗೆ ಕರೆಯುವುದು ನಿಂತಿತು. ಮಾವನವರ ತಂಗಿ ಸುಭದ್ರಾಬಾಯಿಯಂತೂ ಎದುರೆದುರೇ ಆಡಿ ತೋರಿಸುತ್ತಿದ್ದರು. ಅತ್ತೆ ಕಂಡ ದೇವರಿಗೆಲ್ಲ ಹರಕೆ ಹೊತ್ತು, ಮಗಳಿಗೆ ಸೋಮವಾರದ ಉಪವಾಸ ಹಿಡಿಸಿದರು. ಅವಳದು ಉಪವಾಸ, ನನ್ನದು ಊಟ.

ವಸುಧಾಳ ಪರೀಕ್ಷೆಗಳಲ್ಲಿ ಯಾವ ಕೊರತೆಯೂ ಕಾಣದೆ ಡಾಕ್ಟರು ನನ್ನನ್ನು ಕರೆಸಿದರು. ವೀರ್ಯಾಣುಗಳು ಕಡಿಮೆ, ಇದ್ದವೂ ಚುರುಕಾಗಿಲ್ಲ ಎಂದು ವರದಿ ಬಂತು. ಮೈತೂಕ ಮಿತಿಮೀರಿದರೆ ಗಂಡಸಿನ ಹಾರ್ಮೋನುಗಳು ಏರುಪೇರಾಗುತ್ತವೆ, ವೀರ್ಯಾಣು ತಯಾರಾಗುವ ಜಾಗದಲ್ಲಿ ಶಾಖ ಹೆಚ್ಚುತ್ತದೆ. ತೂಕ ಇಳಿಸಿದರೆ ಸುಧಾರಿಸಬಹುದು, ಆದರೆ ಖಾತ್ರಿ ಕೊಡಲಾರೆ ಎಂದು ಅವರು ವಿವರಿಸಿದರು. ನಾನು ನೆಲ ನೋಡುತ್ತ ಕೂತಿದ್ದೆ. ಜೊತೆಗೆ ಬಂದಿದ್ದ ಅತ್ತೆಗೆ ಅಂಥ ಸಂಕೋಚವೇನೂ ಇರಲಿಲ್ಲ.

“ಹಂಗಾದ್ರ ಉಪಾಸ ಮಾಡಬೇಕಾಗಿದ್ದವರು ಇವರೇನ್ರಿ?”

ಉಪವಾಸ ಬೇಡ, ಹಿತಮಿತವಾಗಿ ಉಂಡು ದಿನಾ ನಡೆಯಲಿ ಎಂದರು ಡಾಕ್ಟರು. 

ಆ ವರ್ಷ ಅಧಿಕ ಮಾಸ ಬಂತು. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ತುಪ್ಪದಲ್ಲಿ ಕರಿದ ಸಿಹಿ ಅನಾರಸಗಳನ್ನು ತಟ್ಟೆ ತುಂಬ ದಾನ ಕೊಡುವುದು ನಮ್ಮಲ್ಲಿ ಪದ್ಧತಿ. ಬಳಗವೆಲ್ಲ ಸೇರಿತ್ತು. ಅತ್ತೆ ತಂದಿಟ್ಟ ಬೆಳ್ಳಿ ತಟ್ಟೆಯಲ್ಲಿ ಕುಂಕುಮ ಹಚ್ಚಿದ ಬಿಳಿ ಕ್ಯಾನ್ವಾಸ್ ಬೂಟುಗಳಿದ್ದವು. ಪುರೋಹಿತರು ಮಂತ್ರ ನಿಲ್ಲಿಸಿದರು. ಪಾದರಕ್ಷೆಯೂ ದಾನಕ್ಕೆ ಬರುತ್ತದಲ್ಲವೇ ಎಂದು ಅತ್ತೆ ಕೇಳಿದ್ದಕ್ಕೆ, ಬರುತ್ತದೆ ಎಂದು ಒಪ್ಪಿ ಮುಂದುವರಿಸಿದರು. ಮಕ್ಕಳಿಲ್ಲದವಳ ಗಂಡನಿಗೆ ಸಿಹಿ ಕೊಡುವುದು ಬಿಟ್ಟು ಇದೆಂಥ ಅಪಶಕುನ ಎಂದು ಸುಭದ್ರಾಬಾಯಿ ಎಲ್ಲರಿಗೂ ಕೇಳುವಂತೆ ಗೊಣಗಿದರು. ಅತ್ತೆ ದನಿ ಏರಿಸಲಿಲ್ಲ.

“ನನ್ನ ಮಗಳದು ಏನೂ ದೋಷ ಇಲ್ಲ. ನಾನ ಇವರಿಗೆ ಉಣಿಸಿ ಉಣಿಸಿ ಮೈ ಬೆಳಸೀನಿ. ತೂಕ ಇಳಸ್ರಿ ಅಂತ ಡಾಕ್ಟರು ಹೇಳ್ಯಾರ, ಇಳಸ್ತಾರ. ಇನ್ನ ಮ್ಯಾಲೆ ಏನರ ಕೇಳೋದಿದ್ರ ಇವರನ್ನ ಕೇಳ್ರಿ, ಇಲ್ಲಾ ನನ್ನ ಕೇಳ್ರಿ.”

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. ಸಿಟ್ಟೂ ಬಂತು. ಆಗ ಬಾಗಿಲ ಬಳಿ ನಿಂತಿದ್ದ ವಸುಧಾ ಕಣ್ಣಿಗೆ ಬಿದ್ದಳು. ಆ ಜನರ ಮುಂದೆ ಅವಳು ತಲೆಯೆತ್ತಿ ನಿಂತದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಮಾರನೆಯ ದಿನದಿಂದ ನಡೆಯತೊಡಗಿದೆ. ರವಿವಾರ ಅತ್ತೆ ನನ್ನ ಎಲೆಗೆ ಚಮಚದಲ್ಲಿ ತುಪ್ಪ ಹಾಕಿ ಮುಖ ಆಚೆ ತಿರುಗಿಸುತ್ತಿದ್ದರು; ಪಾಪ, ಅವರಿಗೂ ಅದೊಂದು ವ್ರತವೇ. ವರ್ಷದೊಳಗೆ ತೂಕ ಇಳಿಯಿತು, ವರದಿಯೂ ಸುಧಾರಿಸಿತು. ಮಗು ಮಾತ್ರ ಆಗಲಿಲ್ಲ.

ಕೊನೆಯ ಸಲ ನೋಡಿದಾಗ ಅತ್ತೆ ಹಾಸಿಗೆ ಹಿಡಿದಿದ್ದರು. ವಸುಧಾ ಒಳಗೆ ಹೋದದ್ದನ್ನು ನೋಡಿ, ನಾಲ್ಕು ಮಂದಿಯ ಮುಂದೆ ಮರ್ಯಾದೆ ಕಳೆದೆನೆಂದು ಇನ್ನೂ ಸಿಟ್ಟಿದೆಯೇ ಎಂದು ನನ್ನನ್ನು ಕೇಳಿದರು. ಇಲ್ಲವೆಂದೆ.

“ನೀವು ತಡ್ಕೋತೀರಿ ಅಂತ ಗೊತ್ತಿತ್ರಿ. ಆಕಿ ಭಾಳ ತಡ್ಕೊಂಡಿದ್ಲು.”

ಆ ವಾರವೇ ಹೋದರು. ಹದಿಮೂರನೆಯ ದಿನದ ಊಟ ಮುಗಿಸಿ ಹೊರಟ ಸುಭದ್ರಾಬಾಯಿ, ಮಕ್ಕಳ ವಿಷಯ ಏನು ಮಾಡಿದಿರಿ ಎಂದು ವಿಚಾರಿಸಿದರು. ವಸುಧಾ ಅಲ್ಲೇ ಕೂತಿದ್ದಳು. ಅವರು ಕೇಳಿದ್ದು ನನ್ನನ್ನು.