ಮಿಕೇಲನನ್ನು ಗದರುತ್ತಿದ್ದ ಪಾವ್ಲಿನ್ ಬಾಯಿ

ಮೀನಿಗೆ ಬಂದ ಬೆಕ್ಕನ್ನೂ ದೇವದೂತನನ್ನೂ ಪಾವ್ಲಿನ್ ಬಾಯಿ ಒಂದೇ ದನಿಯಲ್ಲಿ ಗದರುತ್ತಿದ್ದಳು. "ಮಿಕೇಲಾ, ಕತ್ತಿ ಹಿಡ್ಕೊಂಡು ಹೊರಗೆ ನಿಂತ್ರೆ ಆತಾ? ಒಳಗೆ ಬಾ." ಹೊನ್ನಾವರದ ನಮ್ಮ ಕೇರಿಯ ಕ್ರಿಶ್ಚನ್ನರ ಮನೆಗಳಲ್ಲಿ ಯಾರಿಗೆ ಮೇಲುಸಿರು ಹತ್ತಿದರೂ ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಸಾಯುವವರ ಕೈಗೆ ಹೊತ್ತಿಸಿದ ಮೇಣದಬತ್ತಿ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಮುಚ್ಚಿ, ಮಿಕೇಲನನ್ನು ಕರೆಯುವಳು. ಆ ಬೆಳಕು ನೋಡಿ ಅವನು ಬರುತ್ತಾನೆ, ಜೀವವನ್ನು ಸೈತಾನನ ಕೈಗೆ ಸಿಗದ ಹಾಗೆ ಕರೆದೊಯ್ಯುತ್ತಾನೆ ಎಂದು ಅವಳ ನಂಬಿಕೆ.

ಅವಳ ಮನೆಯ ಗೋಡೆಯಲ್ಲಿ ಅವನ ಪಟವಿತ್ತು. ರೆಕ್ಕೆ, ಕತ್ತಿ, ತಕ್ಕಡಿ, ಕಾಲಡಿಗೆ ಸೈತಾನ. ನನಗೆ ಅವನು ನಮ್ಮ ಮಹಿಷಮರ್ದಿನಿಯ ತಮ್ಮನ ಹಾಗೆ ಕಾಣುತ್ತಿದ್ದ.

"ನಾನೇ ದೇವ್ರು ಅಂದವನನ್ನ ಸ್ವರ್ಗದಿಂದ ಕೆಳಗೆ ದೂಡಿದವ ಇವ," ಅನ್ನುತ್ತಿದ್ದಳು. "ಯಹೂದಿಗಳ ಪುಸ್ತಕದಲ್ಲೂ ಇದ್ದಾನೆ ಅಂತ ಪಾದ್ರಿ ಹೇಳ್ತಾರೆ. ಜನಕ್ಕೆ ದೊಡ್ಡ ಕಷ್ಟ ಬಂದಾಗ ಅವ್ರ ಪರವಾಗಿ ಎದ್ದು ನಿಲ್ಲುವವ."

"ತಕ್ಕಡಿ ಎಂತಕ್ಕೆ, ನನ್ನ ಹಾಂಗೆ ಮೀನು ಮಾರೂಕಾ?" ಅಂದೆ ನಾನು.

"ಜೀವ ತೂಗೂಕೆ. ನಿನ್ನ ಹಾಂಗೆ ಬೆರಳು ಒತ್ತಿ ತೂಗೂದಿಲ್ಲ ಅವ, ಮಾದೇವಿ."

ಒಂದು ಮಳೆಗಾಲ, ಶರಾವತಿ ಕಡಲು ಸೇರುವಲ್ಲಿ, ಅವಳ ಮಗ ಇನಾಸನ ದೋಣಿ ಮಗುಚಿತು. ಹೆಣ ದಡಕ್ಕೆ ಬಂದಾಗ ಬಾಯಿ ಅಳಲಿಲ್ಲ. ಅವನ ಮುಷ್ಟಿ ಬಿಡಿಸಿ ನೋಡಿದಳು. ಬರೀ ಮರಳು.

"ಊರವ್ರಿಗೆಲ್ಲ ಬತ್ತಿ ಹಿಡ್ದೆ. ಇವನಿಗೆ ಯಾರು ಹಿಡ್ದ್ರು? ಆ ಕತ್ತಲೆ ನೀರಲ್ಲಿ ಮಿಕೇಲ ಇವನನ್ನ ಕಂಡನಾ ಇಲ್ಲವಾ?"

ಪಾದ್ರಿ ಎಷ್ಟು ಸಮಾಧಾನ ಹೇಳಿದರೂ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಆಮೇಲೂ ಕರೆದ ಮನೆಗೆಲ್ಲ ಹೋದಳು. ಪ್ರಾರ್ಥನೆ ಮುಗಿದ ಮೇಲೆ ಸಾಯುವವರ ಕಿವಿಯಲ್ಲಿ ಒಂದು ಮಾತು ಸೇರಿಸುವಳು: "ಅಲ್ಲಿ ನಮ್ಮ ಇನಾಸ ಇದ್ದಾನಾ, ನೋಡು." ಯಾರೂ ತಿರುಗಿ ಹೇಳಿಕಳಿಸಲಿಲ್ಲ.

ಇತ್ತ ನನ್ನ ಮಗಳು ಹೆತ್ತಳು. ಆಸೆಯನ್ನೇ ಬಿಟ್ಟ ಮೇಲೆ ಹುಟ್ಟಿದ ಹೆಣ್ಣು ಕೂಸು. ಅದರ ಮೂಗೇನು, ಆಕಳಿಸುವ ಚಂದವೇನು, ಎಣ್ಣೆ ಹಚ್ಚುವಾಗ ಕಾಲು ಝಾಡಿಸುವ ಜೋರೇನು! ಮೀನು ಕೊಳ್ಳುವವರಿಗೆಲ್ಲ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ಈಗ ಬರೆಯಲು ಕೂತರೂ ಅದೇ ಮುಂದೆ ಬರುತ್ತದೆ, ಬಾಯಿಯ ಕತೆ ಹಿಂದೆ ಬೀಳುತ್ತದೆ. ಆ ಹೊತ್ತಿಗೆ ಹಾಸಿಗೆ ಹಿಡಿದಿದ್ದ ಬಾಯಿಗೆ ತೋರಿಸದೆ ಇರಲಾಗುತ್ತದಾ? ಕೂಸನ್ನು ಎತ್ತಿಕೊಂಡು ಓಡಿದೆ.

ಮನೆಯಲ್ಲಿ ಬಾಯಿ ಒಬ್ಬಳೇ. ಅವಳ ಮಗಳು ಪಾದ್ರಿಯನ್ನು ಕರೆತರಲು ಇಗರ್ಜಿಗೆ ಹೋಗಿದ್ದಳು. ಬಾಯಿಗೆ ಮೇಲುಸಿರು ಹತ್ತಿತ್ತು. ಗಾಬರಿಯಲ್ಲಿ ನಾನು ನಮ್ಮವರು ಮಾಡುವ ಹಾಗೆ ಅವಳ ತುಟಿಗೆ ನೀರು ಬಿಟ್ಟೆ.

"ತುಳಸಿ ಎಲ್ಲಿ, ಮಾದೇವಿ?" ಅಂದಳು. ಆಗಲೂ ತಮಾಷೆ. ಕೂಸಿನ ಹಣೆಯ ಮೇಲೆ ಬೆರಳಲ್ಲಿ ಶಿಲುಬೆ ಎಳೆದಳು.

ಅವಳ ಪದ್ಧತಿ ನನಗೆ ನೆನಪಾಯಿತು. ಪಟದ ಕೆಳಗಿದ್ದ ಮೇಣದಬತ್ತಿ ಹೊತ್ತಿಸಿ ಅವಳ ಕೈಗಿಟ್ಟೆ.

"ಬೇಡ. ಆರ್ಸು."

"ಎಂತಕ್ಕೆ ಬಾಯಿ?"

"ಇನಾಸನಿಗೆ ಇರ್ಲಿಲ್ಲ. ಬತ್ತಿ ಇಲ್ಲದಿದ್ರೂ ಮಿಕೇಲ ಬರ್ತಾನಾ, ನಾನೇ ನೋಡ್ತೆ."

ಊದಿ ಆರಿಸಿದೆ. ಅವಳು ಕರೆಯಲಿಲ್ಲ, ಗದರಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಕೂಸನ್ನು ಎದೆಗೊತ್ತಿಕೊಂಡು ಒಂದು ಬದಿಗೆ ಸರಿದೆ.